ಅಮ್ಮನ ಕೋಳಿಬುಟ್ಟಿ ಬೀದಿಯಾಚೆ ಉಳಿದ ತಿಂಗಳು

ನಾನು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ದನದ ಆಸ್ಪತ್ರೆಗೆ ಹೋದ ದಿನ ಅಲ್ಲಿ ನಗದೆ ಇದ್ದವರು ಇಬ್ಬರೇ, ಡಾಕ್ಟರು ಮತ್ತು ಕೋಳಿ. ಎತ್ತಿನ ಹಗ್ಗ ಹಿಡಿದುಕೊಂಡು ಬೇವಿನ ಮರದ ಕೆಳಗೆ ಕಾಯುತ್ತಿದ್ದ ಗಂಡಸರೆಲ್ಲ ನನ್ನನ್ನು ನೋಡಿ ಮೀಸೆಯಲ್ಲಿ ನಗುತ್ತಿದ್ದರು. "ಕೋಳೀನ ಸಾರಿಗೆ ಹಾಕೋದು ಬಿಟ್ಟು ದಾರಿ ತಪ್ಪಿ ಇಲ್ಲಿಗೆ ಬಂದ್ಬುಟ್ಟಳೇನೋ" ಅಂದ ಒಬ್ಬ. "ನಿಮ್ಮ ಎತ್ತು ಮೊಟ್ಟೆ ಇಡೋದಾದ್ರೆ ಹೇಳಪ್ಪ, ಇಲ್ಲೇ ಬದಲಾಯ್ಸಿಕೊಳ್ಳಾನ" ಅಂದೆ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಬಾಯಿ ಮಾತ್ರ ಆಗಲೇ ನಲವತ್ತರದ್ದು.

ಆಂಧ್ರ ಬೇರೆಯಾಗುವ ಮುಂಚಿನ ಮಾತಿದು. ಹಿಂದೂಪುರ ಇನ್ನೂ ಮದ್ರಾಸಿಗೆ ಸೇರಿತ್ತು. ನನ್ನ ಗಂಡ ಬೆಲ್ಲದ ಮಂಡಿಯಲ್ಲಿ ತೂಕ ಹಾಕುವ ಕೆಲಸಕ್ಕಿದ್ದರು. ಮಂಡಿಯ ಎದುರಿನ ಓಣಿಯಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಏಳು ಹೇಂಟೆ, ಒಂದು ಹುಂಜ. ಕಾಯಿಲೆ ಬಿದ್ದ ಕೋಳಿಗೆ ಆಗ ನಮ್ಮಲ್ಲಿ ಇದ್ದದ್ದು ಎರಡೇ ಔಷಧ, ಈರುಳ್ಳಿ ಮತ್ತು ಕತ್ತಿ. ಈರುಳ್ಳಿ ತಿನ್ನಿಸಿ ಒಂದು ದಿನ ನೋಡುವುದು, ಮಾರನೆಯ ದಿನ ಖಾರ ಅರೆಯುವುದು. ಅದರಲ್ಲಿ ನಾನೂ ಹಿಂದೆ ಬಿದ್ದವಳಲ್ಲ. ಆದರೆ ಈ ಕೋಳಿಯ ಕತ್ತಿನ ಕೆಳಗೆ ಕಾಳು ತುಂಬಿಕೊಳ್ಳುವ ಚೀಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಳಗೆ ಏನು ಸಿಕ್ಕಿಕೊಂಡಿದೆ ಅಂತ ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಕೊಯ್ದಿದ್ದರೆ ತಿಳಿಯುತ್ತಿತ್ತು, ಆದರೆ ತಿಳಿದುಕೊಂಡ ಮೇಲೆ ಕೋಳಿ ಇರುತ್ತಿರಲಿಲ್ಲ.

ಡಾಕ್ಟರು ಕೃಷ್ಣಾ ನದಿಯ ಕಡೆಯವರು, ಬರೀ ತೆಲುಗು. ನನಗೇನು, ತೆಲುಗೂ ಕನ್ನಡವೂ ಒಂದೇ ನಾಲಿಗೆಯ ಎರಡು ಬದಿ. ಅವರು ಕೋಳಿಯ ಬಾಯಿಗೆ ಹರಳೆಣ್ಣೆ ಬಿಟ್ಟು, ಆ ಗಂಟನ್ನು ಬೆರಳಲ್ಲಿ ಮೆಲ್ಲಗೆ ತೀಡುತ್ತಾ ಕೂತರು. ಅರ್ಧ ಗಂಟೆಯ ಮೇಲೆ ಕೋಳಿಯನ್ನು ತಲೆಕೆಳಗು ಹಿಡಿದು ಒತ್ತಿದಾಗ ಬಾಯಿಂದ ಗೋಣಿಚೀಲದ ನಾರು ಗೇಣುದ್ದ ಬಂತು. ಇಷ್ಟೇನಾ ಅನ್ನಿಸಿತು. ಹಾಗಾದರೆ ಕೋಳಿ ನುಂಗುವ ಕಲ್ಲುಗಳು ಎಲ್ಲಿಗೆ ಹೋಗುತ್ತವೆ, ಹಲ್ಲಿಲ್ಲದೆ ಜೋಳ ಹೇಗೆ ಅರೆಯುತ್ತದೆ ಅಂತ ಕೇಳಿದೆ. ಹೊರಗೆ ಎತ್ತಿನವರು ಕಾಯುತ್ತಿದ್ದರೂ ಅವರು ಒಂದೊಂದಕ್ಕೂ ಉತ್ತರ ಹೇಳಿದರು. ಕೋಳಿ ತಂದವರನ್ನು ಅವರು ಅಲ್ಲಿಗೆ ಬಂದ ಮೇಲೆ ನೋಡಿದ್ದು ಅದೇ ಮೊದಲಂತೆ.

ಆಮೇಲೆ ನನಗೆ ಆ ಆಸ್ಪತ್ರೆ ಅಭ್ಯಾಸವಾಯಿತು. ಬೇಸಿಗೆ ಶುರುವಾಗುವಾಗ ಒಂದು ದಿನ ಡಾಕ್ಟರು ಜವಾನನ ಕೈಲಿ ಹೇಳಿಕಳಿಸಿದರು: ಕೊಕ್ಕರೆ ರೋಗಕ್ಕೆ ಮದ್ರಾಸಿನಿಂದ ಹೊಸ ಸೂಜಿಮದ್ದು ಬಂದಿದೆ, ಮದ್ದಿನ ಸುತ್ತ ಇಟ್ಟ ಮಂಜುಗಡ್ಡೆ ಕರಗುವುದರೊಳಗೆ ಕೋಳಿಗಳನ್ನು ತರಬೇಕು. ಕೊಕ್ಕರೆ ರೋಗ ಅಂದರೆ ಕೋಳಿ ಸಾಕಿದವರಿಗೆಲ್ಲ ಗೊತ್ತು. ಇವತ್ತು ಕೋಳಿ ತೂಕಡಿಸುತ್ತದೆ, ನಾಳೆ ಹಸಿರು ಹಿಕ್ಕೆ ಹಾಕುತ್ತದೆ, ನಾಳಿದ್ದು ಕತ್ತು ತಿರುಚಿಕೊಂಡು ಬೀಳುತ್ತದೆ. ಒಂದು ಮನೆಗೆ ಬಂದರೆ ವಾರದಲ್ಲಿ ಊರೇ ಖಾಲಿ. ಅದಕ್ಕೆ ಮದ್ದಿದೆ ಅಂದರೆ ನಾನು ಬಿಡುತ್ತೇನೆಯೇ? ನನ್ನ ಎಂಟನ್ನೂ ತಗೊಂಡೆ. ಓಣಿಯ ನಾಲ್ಕು ಮನೆಯವರ ಕಾಲು ಕೈ ಹಿಡಿದು ಅವರವನ್ನೂ ತರಿಸಿದೆ. "ಸೂಜಿ ಚುಚ್ಚಿ ಸತ್ರೆ ನಿನ್ನ ಕೋಳಿ ಹಿಡ್ಕೊಂಡು ಹೋಯ್ತೀನಿ ಕಣಮ್ಮಿ" ಅಂತ ಪಕ್ಕದ ಮನೆಯಾಕೆ ಮೊದಲೇ ಮಾತು ತೆಗೆದುಕೊಂಡಿದ್ದಳು.

ಡಾಕ್ಟರು ರೆಕ್ಕೆ ಎತ್ತಿ ಒಂದೊಂದಕ್ಕೂ ಚುಚ್ಚಿದರು. ಎರಡು ವಾರ ಎಲ್ಲವನ್ನೂ ಮಂಕರಿಯ ಕೆಳಗೆ ಕೂಡಿಹಾಕಬೇಕು. ಮೈಯಲ್ಲಿ ರೋಗ ತಡೆಯುವ ಶಕ್ತಿ ಬರಲು ಅಷ್ಟು ದಿನ ಬೇಕು. ಅಲ್ಲಿಯವರೆಗೆ "ಬಯಟಿ ಕೋಡಿನಿ ಲೋಪಲಿಕಿ ರಾನಿಯ್ಯೊದ್ದಮ್ಮಾ" ಅಂತ ಮೂರು ಸಲ ಹೇಳಿದರು. ಹೊರಗಿನ ಕೋಳಿಯೂ ಬೇಡ, ಅದನ್ನು ತಂದ ಬುಟ್ಟಿಯೂ ಬೇಡ, ಅದನ್ನು ಮುಟ್ಟಿದ ಕೈಯೂ ಬೇಡ. ನಾನು ಆಯಿತು ಅಂದೆ. ಓಣಿಯವರಿಗೆಲ್ಲ ನಾನೇ ಜಾಮೀನು.

ಐದನೆಯ ದಿನ ಮಧ್ಯಾಹ್ನ ಅಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಬಾಯಿಗೆ ಹಳೇ ಸೀರೆ.

ನನ್ನ ತವರು ಕಲ್ಯಾಣದುರ್ಗದ ಆಚೆ, ಬೆಳುಗುಪ್ಪದ ಹತ್ತಿರದ ಒಂದು ಹಳ್ಳಿ. ಅಲ್ಲಿ ಕೊಕ್ಕರೆ ರೋಗ ಬಂತು ಅಂದ ಕೂಡಲೇ ಹೆಂಗಸರು ಮಾಡುವುದು ಒಂದೇ ಕೆಲಸ. ಇನ್ನೂ ಚುರುಕಾಗಿರುವ ಕೋಳಿಗಳನ್ನು ಆರಿಸಿ, ಬೇರೆ ಊರಿನ ನೆಂಟರ ಮನೆಗೆ ಸಾಗಿಸುವುದು. ಊರ ಮಾರಿ ಕಣ್ಣು ಬಿಟ್ಟಿದ್ದಾಳೆ, ಗಡಿಕಲ್ಲು ದಾಟಿದ ಕೋಳಿಯ ಹಿಂದೆ ಅವಳು ಬರುವುದಿಲ್ಲ ಅಂತ ನಂಬಿಕೆ. ಅಕ್ಕನ ಮನೆಗೆ, ತಂಗಿಯ ಮನೆಗೆ, ಕೊಟ್ಟ ಮಗಳ ಮನೆಗೆ ಕೋಳಿ ಹೊರಡುತ್ತಿದ್ದವು. ನೆಂಟರೂ ಬೇಡ ಅನ್ನುತ್ತಿರಲಿಲ್ಲ, ಬಾಣಂತಿಯನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳುತ್ತಿದ್ದರು. ನಾನೂ ಚಿಕ್ಕವಳಿದ್ದಾಗ ಅಂಥ ನೆಂಟರ ಕೋಳಿಗಳಿಗೆ ನುಚ್ಚು ಹಾಕಿದವಳೇ.

ಅಮ್ಮನ ಬುಟ್ಟಿಯಲ್ಲಿ ಜುಟ್ಟಿನ ಹೇಂಟೆ ಮೂರು ಇದ್ದವು. ತಲೆಯ ಮೇಲೆ ಚೆಂಡುಹೂವಿನಂಥ ಜುಟ್ಟು, ಮೈಯೆಲ್ಲ ಚುಕ್ಕೆ. ಆ ತಳಿ ನಮ್ಮಜ್ಜಿಯ ಕಾಲದಿಂದ ಬಂದದ್ದು. ಅಮ್ಮ ಬೇರೆ ಯಾವ ಹುಂಜವನ್ನೂ ಸೇರಿಸದೆ, ಕಾವಿಗೆ ಇಡುವ ಮೊಟ್ಟೆಯನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, ಗುಡುಗಿಗೆ ಕೆಡಬಾರದೆಂದು ಮೊಟ್ಟೆಗಳ ನಡುವೆ ಕಬ್ಬಿಣದ ಚೂರು ಇಟ್ಟು ಉಳಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಅವಳದ್ದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಹದಿನಾರರಲ್ಲಿ ಹುಂಜವೂ ಸೇರಿ ಹದಿಮೂರು ಆಗಲೇ ಸತ್ತಿದ್ದವು. ಈ ಮೂರು ಹೋದರೆ ತಳಿಯೇ ಹೋಯಿತು.

"ದಾರಿ ಬಿಡೇ, ನೀರು ಕುಡಿಸ್ಬೇಕು" ಅಂದಳು ಅಮ್ಮ.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. "ಒಳಗೆ ಬರ್ಬೇಡ ಕಣಮ್ಮ" ಅಂದೆ.

ಎರಡು ಬಸ್ಸು ಬದಲಾಯಿಸಿ ಬಿಸಿಲಲ್ಲಿ ಬಂದ ಹೆತ್ತ ತಾಯಿಗೆ ನಾನು ಆಡಿದ ಮೊದಲ ಮಾತು ಅದು. ನಾಚಿಕೆಯಾಯಿತು, ಆದರೂ ಕಾಲು ಕದಲಿಸಲಿಲ್ಲ. ಅಮ್ಮನಿಗೆ ಮೊದಲು ತಮಾಷೆ ಅನ್ನಿಸಿತು, ಆಮೇಲೆ ಯಾರೋ ಸತ್ತ ಸೂತಕವೇನೋ ಅನ್ನಿಸಿತು. ಸೂಜಿಯ ಕತೆ, ಡಾಕ್ಟರ ಕತೆ, ಓಣಿಯವರಿಗೆ ಕೊಟ್ಟ ಮಾತು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಬಿಗಿದುಕೊಂಡಿತ್ತು.

"ನಿನ್ನ ಕೋಳಿ ಬದುಕ್ಬೇಕು, ನನ್ನವು ಬೀದೀಲಿ ಸಾಯ್ಬೇಕಾ?"

"ಇವಕ್ಕೆ ರೋಗ ಅಂಟಿದ್ದಿದ್ರೆ ಓಣೀವೆಲ್ಲ ಸಾಯ್ತವಮ್ಮ."

"ರೋಗ ಇಲ್ದಿರೋದನ್ನೇ ಆರಿಸ್ಕೊಂಡು ಬಂದಿರೋದು. ನಂಗೆ ಕೋಳಿ ನೋಡಕ್ಕೆ ಬರಲ್ವಾ?"

ಕೋಳಿ ನೋಡುವುದನ್ನು ನನಗೆ ಕಲಿಸಿದವಳೇ ಅವಳು.

ಡಾಕ್ಟರನ್ನು ಕರೆಸಿದೆ. ಅವರು ಬಂದು ಬುಟ್ಟಿಯನ್ನು ದೂರದಿಂದಲೇ ನೋಡಿ ಎರಡೇ ದಾರಿ ಹೇಳಿದರು. ಕೋಳಿಗಳನ್ನು ತಮ್ಮ ಕೈಗೆ ಕೊಟ್ಟರೆ ಕೊಂದು ಸುಣ್ಣ ಹಾಕಿ ಹೂಳುತ್ತಾರೆ, ಅಮ್ಮ ಸ್ನಾನ ಮಾಡಿ ಮಗಳ ಮನೆ ಸೇರಬಹುದು. ಇಲ್ಲವಾದರೆ ಕೋಳಿಗಳು ಬೇರೆ ಇರಬೇಕು, ಅವನ್ನು ನೋಡಿಕೊಳ್ಳುವವರೂ ಬೇರೆ ಇರಬೇಕು. ಅಮ್ಮ ಯೋಚಿಸಲೂ ಇಲ್ಲ. "ಬುಟ್ಟಿ ಎಲ್ಲೋ ನಾನೂ ಅಲ್ಲೇ" ಅಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಜಾಗ ಕೊಟ್ಟವರು ಮಂಡಿಯ ಶೆಟ್ಟರು. ದಿನಾ ಲಿಂಗಪೂಜೆ ಮಾಡಿ ವಿಭೂತಿ ಇಟ್ಟುಕೊಳ್ಳುವ ಜನ. ಕೋಳಿ ಅವರ ಅಂಗಳ ತುಳಿದರೆ ಸಗಣಿ ಹಾಕಿ ಸಾರಿಸುವವರು. ಬೀದಿಯ ಆಚೆ ಬದಿಯಲ್ಲಿ, ಮಂಡಿಯ ಹಿಂದೆ, ಅವರ ಗಾಡಿ ಕೊಟ್ಟಿಗೆ ಖಾಲಿ ಇತ್ತು. ನನ್ನ ಗಂಡ ಹೋಗಿ ಹಲ್ಲು ಗಿಂಜಿ ಕೇಳಿದ್ದಕ್ಕೆ ಶೆಟ್ಟರು ಬಹಳ ಹೊತ್ತು ಸೂರು ನೋಡಿ, "ನಿಮ್ಮತ್ತೆ ಇರ್ತಾರೆ ಅಂದ್ರೆ ಇರ್ಲಪ್ಪ. ಬುಟ್ಟೀಲೇನೈತೆ ಅಂತ ನಾನು ಕೇಳಲ್ಲ, ನೀನು ಹೇಳ್ಬೇಡ" ಅಂದರಂತೆ. ಆದರೆ ಮೂರನೆಯ ದಿನಕ್ಕೆ ಅವರೇ ಕೊಟ್ಟಿಗೆಯ ಬಾಗಿಲ ಬಳಿ ಕೆಮ್ಮಿ, "ಬುಟ್ಟಿ ಹೆಂಗೈತಮ್ಮ?" ಅಂತ ವಿಚಾರಿಸತೊಡಗಿದ್ದರು.

ಹೀಗೆ ನಾವು ತಾಯಿ ಮಗಳು ಒಂದು ಬೀದಿಯ ಎರಡು ಕಡೆ ಉಳಿದೆವು. ನಾನು ಮುದ್ದೆ, ಸಾರು ತಂದು ನಡುಬೀದಿಯ ಬಂಡೆಯ ಮೇಲಿಟ್ಟು ಹಿಂದಕ್ಕೆ ಬರುತ್ತಿದ್ದೆ. ಅಮ್ಮ ಬಂದು ತನ್ನ ತಟ್ಟೆಗೆ ಸುರಿದುಕೊಂಡು ಹೋಗುತ್ತಿದ್ದಳು. ಮಾತೆಲ್ಲ ಕೂಗಿಯೇ ಆಡಬೇಕು. ಹೀಗಾಗಿ ನಮ್ಮ ಮನೆಯ ಸಂಗತಿ ಒಂದೂ ಗುಟ್ಟಾಗಿ ಉಳಿಯಲಿಲ್ಲ. "ಹೆತ್ತವಳನ್ನ ಕೊಟ್ಟಿಗೇಲಿ ಇಟ್ಟವ್ಳೆ" ಅಂತ ಬೆಲ್ಲದ ಗಾಡಿಯವರೂ ಆಡಿಕೊಂಡರು. ಯಾರ ಕೋಳಿಗಳಿಗಾಗಿ ಇಟ್ಟಿದ್ದೆನೋ ಆ ಓಣಿಯ ಹೆಂಗಸರೇ ಮೊದಲು ಆಡಿಕೊಂಡರು. ನನಗೆ ಮೈ ಉರಿಯುತ್ತಿತ್ತು. ಮಂಕರಿಗಳನ್ನೆಲ್ಲ ಎತ್ತಿ ಅವರ ಕೋಳಿಗಳನ್ನು ಬೀದಿಗೆ ಬಿಟ್ಟುಬಿಡೋಣ ಅಂತ ಒಂದೆರಡು ಸಲ ಅನ್ನಿಸಿದ್ದೂ ಉಂಟು.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಬಂಡೆಯ ಹತ್ತಿರ ಬರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಒಂದು ತೂಕಡಿಸ್ತೈತೆ. ಬಿಸಿಲಿಗೆ" ಅಂದಳು. ಬಿಸಿಲಿಗೆ ಅಂದಿದ್ದನ್ನು ಅವಳೂ ನಂಬಿರಲಿಲ್ಲ, ನಾನೂ ನಂಬಲಿಲ್ಲ. ಸಂಜೆಗೆ ಹಸಿರು ಹಿಕ್ಕೆ. ಮಾರನೆಯ ದಿನ ಮಧ್ಯಾಹ್ನ ಸತ್ತಿತು.

ಹೂಳುವ ಮುಂಚೆ ಡಾಕ್ಟರು ಅದನ್ನು ಕೊಟ್ಟಿಗೆಯಲ್ಲೇ ಕೊಯ್ದು ನೋಡಿದರು. ಒಳಗೇನಿದೆ ಎಂದು ನೋಡುವ ಆಸೆಗೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಆದರೆ ಬೀದಿ ದಾಟುವ ಹಾಗಿಲ್ಲ. "ಏನಮ್ಮ ಕಾಣ್ತೈತೆ?" ಅಂತ ಕೂಗಿದೆ. ಅಮ್ಮ ಡಾಕ್ಟರ ಭುಜದ ಮೇಲೆ ಬಗ್ಗಿದ್ದಳು. ಜೀವಮಾನದಲ್ಲಿ ಎಷ್ಟು ಕೋಳಿ ಹಸನು ಮಾಡಿದ್ದಳೋ, ಹೀಗೆ ನೋಡಿರಲಿಲ್ಲ. "ಹೊಟ್ಟೆ ಒಳಗ್ಡೆ ಕೆಂಪು ಚುಕ್ಕೆ ಕಣೇ" ಅಂತ ಕೂಗಿ ಹೇಳಿದಳು. "ರಾಗಿ ಕಾಳು ಎರಚಿದಂಗೆ."

ಅಲ್ಲಿಂದ ಅಮ್ಮನಿಗೂ ನನ್ನ ಕಾಯಿಲೆಯೇ ಹಿಡಿಯಿತು. ಡಾಕ್ಟರು ಬಂದಾಗೆಲ್ಲ ಪ್ರಶ್ನೆ. ಕಣ್ಣಿಗೆ ಕಾಣದಷ್ಟು ಸಣ್ಣ ವಿಷ ಅಂತ ಅವರು ಹೇಳಿದರೆ, "ಕಾಣದ್ದು ಐತೆ ಅಂತ ನಿಮಗೆ ಹೆಂಗೆ ಗೊತ್ತು ಸ್ವಾಮಿ?" ಅಂದಳು. ನೀವು ಮಾರಿಯನ್ನು ಕಂಡಿದ್ದೀರಾ ಅಂತ ಅವರು ಕೇಳಿದರು. "ಕಾಣದಿದ್ರೇನು, ಬಂದಿದ್ದು ಗೊತ್ತಾಗ್ತೈತಲ್ಲ." ಇದೂ ಹಾಗೆಯೇ ಅಂದರು ಡಾಕ್ಟರು. ಅಮ್ಮ ಅದನ್ನು ಒಪ್ಪಿಕೊಂಡಳು ಅಂತ ಕಾಣುತ್ತದೆ. ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಎರಡನೆಯ ಹೇಂಟೆ ಕತ್ತು ತಿರುಚಿಕೊಂಡ ದಿನ ಅವಳು ಬೇರೆ ಪ್ರಶ್ನೆ ಕೇಳಿದಳು. ನಾನು ಬಂಡೆಯ ಈಚೆ ನಿಂತಿದ್ದೆ, ಪ್ರತಿ ಮಾತೂ ಕೇಳಿಸಿತು.

"ಅಂಟಿದ ಮೇಲೆ ಎಷ್ಟು ದಿನ ಕೋಳಿ ಚೆನ್ನಾಗೇ ಇರ್ತೈತೆ ಸ್ವಾಮಿ?"

ನಾಲ್ಕು ದಿನ, ಐದು ದಿನ, ಒಂದೊಂದು ಸಲ ವಾರ, ಅಂದರು ಡಾಕ್ಟರು. ಓಡಾಡಿಕೊಂಡು, ಕಾಳು ತಿಂದುಕೊಂಡು ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಅಮ್ಮ ಬೆರಳು ಮಡಿಸಿ ದಿನ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೂಗಲಿಲ್ಲ, ಆದರೂ ಕೇಳಿಸಿತು.

"ಹಂಗಾದ್ರೆ ನಿಮ್ಮ ಚಿಕ್ಕಮ್ಮ ನನ್ನ ಕೋಳಿ ತಿನ್ನಲಿಲ್ಲ."

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ, ರೊದ್ದಂ ಹತ್ತಿರದ ಹಳ್ಳಿಗೆ ಕೊಟ್ಟವಳು. ಹನ್ನೊಂದು ವರ್ಷದ ಕೆಳಗೆ ಇದೇ ರೋಗ ನಮ್ಮೂರಿಗೆ ಬಂದಾಗ ಅಮ್ಮ ಜುಟ್ಟಿನ ಆರು ಕೋಳಿ ಅವಳ ಮನೆಗೆ ಸಾಗಿಸಿದ್ದಳು. ತಿಂಗಳು ಬಿಟ್ಟು ವಾಪಸು ತರಲು ಹೋದರೆ ಒಂದೂ ಇಲ್ಲ. ವಾರದೊಳಗೆ ಎಲ್ಲ ಸತ್ತವು, ಅವುಗಳ ಜೊತೆ ನನ್ನವೂ ಸತ್ತವು ಅಂದಳಂತೆ ಚಿಕ್ಕಮ್ಮ. ಅಮ್ಮ ನಂಬಲಿಲ್ಲ. ಕೊಟ್ಟಾಗ ಕಲ್ಲಿನ ಹಾಗಿದ್ದ ಕೋಳಿ ಸಾಯುವುದೆಂದರೇನು? ಅದೇ ತಿಂಗಳು ಆ ಊರಲ್ಲಿ ಹಬ್ಬ ಬೇರೆ ಆಗಿತ್ತು. ಆಮೇಲೆ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ನೂರು ಜನರ ಮುಂದೆ ಅಮ್ಮ "ನನ್ನ ಕೋಳಿ ತಿಂದೋಳು" ಅಂತ ತಂಗಿಯನ್ನು ಕರೆದಳು. ನಾನು ಅದೇ ಪಂಕ್ತಿಯಲ್ಲಿ ಕೂತಿದ್ದೆ. ಚಿಕ್ಕಮ್ಮ ಎಲೆ ಬಿಟ್ಟು ಎದ್ದುಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ನಾನೇ ರೋಗ ಕಳಿಸ್ಬುಟ್ಟೆ" ಅಂದಳು ಅಮ್ಮ. "ಬುಟ್ಟೀಲಿ ಹಾಕಿ, ಮೇಲೆ ಬಟ್ಟೆ ಕಟ್ಟಿ." ಆ ದಿನ ಇಟ್ಟ ಮುದ್ದೆ ಬಂಡೆಯ ಮೇಲೆಯೇ ಒಣಗಿತು.

ಉಳಿದದ್ದು ಒಂದೇ ಹೇಂಟೆ. ಅದೂ ಎರಡು ದಿನ ತೂಕಡಿಸಿತು. ಅಮ್ಮ ಅದಕ್ಕೆ ಹನಿ ಹನಿಯಾಗಿ ನೀರು ಬಿಡುತ್ತಾ, ರಾಗಿ ಗಂಜಿ ಬೆರಳಲ್ಲಿ ತಿನ್ನಿಸುತ್ತಾ ಕೂತಳು. ಆ ಎರಡು ದಿನ ನಾನು ಬೀದಿಯ ಈಚೆ ಬದಿಯಲ್ಲಿ ಎಷ್ಟು ಸಲ ನಿಂತೆನೋ ದೇವರಿಗೇ ಗೊತ್ತು. ಶೆಟ್ಟರು ಮಂಡಿಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಕೆಮ್ಮುತ್ತಿದ್ದರು. ಮೂರನೆಯ ದಿನ ಆ ಕೋಳಿ ತಾನಾಗಿ ಎದ್ದು ಗೋಡೆಯ ಮೇಲಿನ ಇರುವೆ ಹೆಕ್ಕಿತು. "ಎದ್ದೈತೆ!" ಅಂತ ಅಮ್ಮ ಕೂಗಿದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತಂತೆ.

ಅಷ್ಟಾದರೂ ಡಾಕ್ಟರು ಬಿಡಲಿಲ್ಲ. ಬದುಕಿದ ಕೋಳಿಯ ಮೈಯಿಂದಲೂ ಕೆಲವು ದಿನ ವಿಷ ಹೊರಬರುತ್ತದಂತೆ. ಇನ್ನೂ ಮೂರು ವಾರ ಹಾಗೇ ಇರಬೇಕು. ಅಮ್ಮ ಎದುರಾಡಲಿಲ್ಲ. ಅಷ್ಟರಲ್ಲಿ ನಮ್ಮ ಓಣಿಯ ಕೋಳಿಗಳು ಮಂಕರಿಯಿಂದ ಹೊರಗೆ ಬಂದವು. ಪಕ್ಕದ ಮನೆಯಾಕೆಯ ಒಂದು ಹೇಂಟೆ ಕಾಲೆಳೆದದ್ದು ಬಿಟ್ಟರೆ ಒಂದಕ್ಕೂ ಏನೂ ಆಗಲಿಲ್ಲ. ಆ ಒಂದು ಕಾಲಿಗಾಗಿ ಅವಳು ನನ್ನನ್ನು ಬೈದದ್ದು ಮಾತ್ರ ಕೋಳಿ ನೆಟ್ಟಗಾದ ಮೇಲೂ ನಿಲ್ಲಲಿಲ್ಲ.

ಗಡುವು ಮುಗಿದ ದಿನ ಡಾಕ್ಟರ ಮುಂದೆಯೇ ಬುಟ್ಟಿ ಸುಟ್ಟೆವು. ಅಮ್ಮನ ಸೀರೆಯನ್ನು ಕುದಿಸಿದೆ, ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಒಂದು ತಿಂಗಳಾದ ಮೇಲೆ ಅವಳ ಬೆನ್ನು ಮುಟ್ಟುತ್ತಿದ್ದೆ. ಎಷ್ಟು ಸೊರಗಿದ್ದಾಳೆಂದು ಆಗ ತಿಳಿಯಿತು, ಅತ್ತುಬಿಟ್ಟೆ. ಸೋಪಿನ ನೀರು ಕಣ್ಣಿಗೆ ಬಿತ್ತು ಅಂದೆ. ನನ್ನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಅಮ್ಮನ ಊರಲ್ಲಿ ಈಗ ಕೋಳಿ ಇಡುವ ಹಾಗಿಲ್ಲ. ಈ ಜುಟ್ಟಿನ ಹೇಂಟೆ ನನ್ನಲ್ಲೇ ಉಳಿಯುತ್ತದೆ, ನನ್ನ ಹುಂಜದ ಜೊತೆ ಮರಿ ಮಾಡುತ್ತದೆ, ಅಜ್ಜಿಯ ತಳಿ ಅರ್ಧವಾದರೂ ನನ್ನ ಹಿತ್ತಿಲಿಗೆ ಬರುತ್ತದೆ. ಅದಕ್ಕೆ ಅಂತ ಹೊಸ ಗೂಡೂ ಕಟ್ಟಿಸಿದ್ದೆ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ನನ್ನ ಹೊಸ ಬುಟ್ಟಿಗೆ ಹುಲ್ಲು ಹಾಸುತ್ತಿದ್ದಳು.

"ಎಲ್ಲಿಗೆ?"

"ರೊದ್ದದ ಕಡೆ. ನಿಮ್ಮ ಚಿಕ್ಕಮ್ಮನಿಗೆ ಕೊಟ್ಟು ಬತ್ತೀನಿ."

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಬುಟ್ಟಿಯನ್ನು ಹಿಡಿದುಕೊಂಡೆ. ಇದಕ್ಕಾಗಿ ನಿನ್ನನ್ನು ಬೀದಿಯಲ್ಲಿ ಇಟ್ಟು ಊರವರ ಬಾಯಿಗೆ ಬಿದ್ದೆ, ಈಗ ಹೋಗಿ ಮಾತೇ ಆಡದವಳಿಗೆ ಕೊಡ್ತೀಯಾ ಅಂದೆ. ಕೊಡಲೇಬೇಕಾದರೆ ನನ್ನವು ಏಳಿವೆ, ಎರಡು ತಗೊಂಡು ಹೋಗು ಅಂದೆ.

"ನನ್ನ ಕೋಳಿ ಎಲ್ಲಿ ಅಂತ ಅವಳನ್ನ ಕೇಳಿದ್ದೋಳು ನಾನು" ಅಂದಳು ಅಮ್ಮ. "ನಿನ್ನ ಕೋಳಿ ತಗೊಂಡು ಹೋಗಿ ಏನಂತ ಹೇಳ್ಲಿ?"

ನಾನು ಸುಮ್ಮನಿರದೆ ಆಸ್ಪತ್ರೆಗೆ ಓಡಿದೆ. ಕೋಳಿ ಸಾಗಿಸಬಾರದು ಅಂತ ಡಾಕ್ಟರ ಬಾಯಲ್ಲಿ ಹೇಳಿಸೋಣ ಅಂತ. ಅವರು ಬಂದು ಕೋಳಿಯ ಕಣ್ಣು, ಬಾಯಿ, ಹಿಕ್ಕೆ ಎಲ್ಲ ನೋಡಿ, ಇನ್ನು ಭಯವಿಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು ಅಂದರು. ಅವರ ಮೇಲೂ ಸಿಟ್ಟು ಬಂತು.

ಅಮ್ಮನನ್ನು ಒಬ್ಬಳೇ ಕಳಿಸಲು ಮನಸ್ಸು ಬಾರದೆ ನಾನೂ ಹೊರಟೆ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ರೊದ್ದದಿಂದ ಮುಂದೆ ನಡೆದು, ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮನ ಮನೆ ಮುಟ್ಟಿದೆವು. ಅವಳು ಅಂಗಳದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ತಲೆ ತಗ್ಗಿಸಿ ಸುಲಿದಳು. ಅಮ್ಮ ಬೇಲಿಯ ಹೊರಗೇ ನಿಂತಳು. ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಗೊಣಗಿಕೊಂಡು ಬಂದಿದ್ದಳಲ್ಲ, ಅದೆಲ್ಲ ಮರೆತಳೋ ಏನೋ.

"ಆ ಕೋಳಿಗಳಿಗೆ ರೋಗ ನಮ್ಮನೇಲೇ ಅಂಟಿತ್ತಂತೆ" ಅಂದಳು. "ನಾನೇ ಕಳಿಸಿದ್ದು. ನಿನ್ನವೂ ನನ್ನಿಂದ್ಲೇ ಸತ್ತವು. ಡಾಕ್ಟ್ರು ಹೇಳಿದ್ರು." ಬುಟ್ಟಿಯನ್ನು ಬೇಲಿಯೊಳಕ್ಕೆ ಇಟ್ಟಳು. "ಇದೊಂದು ಉಳಿದೈತೆ. ಇದಕ್ಕೇನೂ ಇಲ್ಲ, ಮೂರು ವಾರ ನೋಡೀವ್ನಿ. ನಿನ್ನ ಕೋಳಿಗಳ ಜೊತೆ ಬಿಡ್ಬೌದು."

ಚಿಕ್ಕಮ್ಮ ಸುಲಿಯುವುದನ್ನು ನಿಲ್ಲಿಸಿದಳು.

"ಯಾವ ಕೋಳಿ? ಕೋಳಿ ತಿಂದೋಳು ಅಂದ್ಮೇಲೆ ಈ ಮನೇಲಿ ಒಂದು ಗರಿನೂ ಇಲ್ಲಕ್ಕ."

ಆಗ ನಾನು ಸುತ್ತ ನೋಡಿದೆ. ಅಷ್ಟು ದೊಡ್ಡ ಅಂಗಳ. ಗೂಡಿಲ್ಲ, ಮಂಕರಿಯಿಲ್ಲ, ಕೆದರಿದ ಮಣ್ಣಿಲ್ಲ. ಅಮ್ಮ ಕೋಳಿ ಬಿಟ್ಟು ಬದುಕಲಾರಳು ಅಂತ ನನಗೆ ಗೊತ್ತಿತ್ತು. ಅದೇ ನಮ್ಮಜ್ಜಿಯ ಹೊಟ್ಟೆಯಲ್ಲಿ ಹುಟ್ಟಿ, ಅವಳ ಕೈಯಲ್ಲೇ ಕೋಳಿ ನೋಡುವುದನ್ನು ಕಲಿತ ಇವಳು ಹನ್ನೊಂದು ವರ್ಷ ಅದಿಲ್ಲದೆ ಇದ್ದಳು. ಅಮ್ಮನ ಕೈ ಬುಟ್ಟಿಯ ಅಂಚನ್ನು ಹಿಡಿದೇ ಇತ್ತು, ಇಡುವುದೋ ತೆಗೆಯುವುದೋ ತಿಳಿಯದೆ.

ಚಿಕ್ಕಮ್ಮ ಎದ್ದು ಬಂದು ಬಟ್ಟೆ ಸರಿಸಿದಳು. ಕೋಳಿಯನ್ನು ಎತ್ತಿ, ಜುಟ್ಟು ಸವರಿ, ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ನೋಡಿದಳು.

"ಮೊಟ್ಟೆ ಇಡ್ತೈತಾ?"

"ಕಾಯಿಲೆ ಬಿದ್ಮೇಲೆ ಇಟ್ಟಿಲ್ಲ."

"ಇಡೋಗಂಟ ಇದ್ದು ನೋಡ್ಕೋ ಹಂಗಾದ್ರೆ. ಸತ್ರೆ ಆಮೇಲೆ ನಾನು ತಿಂದೆ ಅಂತೀಯ" ಅಂದು, ಕೋಳಿಯನ್ನು ಕಂಕುಳಿಗೆ ಸೇರಿಸಿಕೊಂಡು ಒಳಗೆ ಹೋದಳು. ಅಮ್ಮ ಬೇಲಿ ದಾಟಿ ಅವಳ ಹಿಂದೆ ಹೋದಳು.

ಆ ಕೋಳಿ ಮೊಟ್ಟೆ ಇಡಲು ಎರಡು ತಿಂಗಳು ತೆಗೆದುಕೊಂಡಿತಂತೆ. ಅಮ್ಮ ಅಲ್ಲಿಯವರೆಗೂ ಅಲ್ಲೇ ಇದ್ದಳು. ನನ್ನ ಮನೆಯೊಳಗೆ ಅವಳು ಮಲಗಿದ್ದು ಒಂದೇ ರಾತ್ರಿ. ಆ ಸಂಜೆ ಖಾಲಿ ಬುಟ್ಟಿ ಇಟ್ಟುಕೊಂಡು ನಾನೊಬ್ಬಳೇ ಹಿಂದೂಪುರದ ಬಸ್ಸು ಹತ್ತಿದಾಗ ನನಗೆ ಚಿಕ್ಕಮ್ಮನ ಮೇಲೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.